87ನೇ ನಿಮಿಷದ ಆ ಥ್ರೋ: ಕೊರಿಯಾ ಫುಟ್‌ಬಾಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಕೆ ಲೀಗ್, ಅಂದರೆ ದಕ್ಷಿಣ ಕೊರಿಯಾದ ಫುಟ್‌ಬಾಲ್ ಲೀಗ್ ಬಗ್ಗೆ ಎರಡೇ ಎರಡು ಸಾಲು ಬರೆದಿದ್ದೆ. 2019ರ ಸೀಸನ್ ನನಗೆ ಇವತ್ತಿಗೂ ಮರೆಯೋಕೆ ಆಗಿಲ್ಲ ಅಂತ. ಅಷ್ಟಕ್ಕೇ ಪತ್ರಗಳ ಮೇಲೆ ಪತ್ರ ಬಂದವು. ಬೆಂಗಳೂರಿನಲ್ಲಿ ಇಷ್ಟು ಜನಕ್ಕೆ ಈ ಲೀಗ್ ಮೇಲೆ ಕುತೂಹಲ ಇದೆ ಅಂತ ಗೊತ್ತೇ ಇರಲಿಲ್ಲ, ತುಂಬಾ ಖುಷಿಯಾಯಿತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಪ್ರಶ್ನೆ: ಕೊರಿಯನ್ ಧಾರಾವಾಹಿ ನೋಡಿ ನೋಡಿ ಅಲ್ಲಿನ ಭಾಷೆ ಅಲ್ಪಸ್ವಲ್ಪ ಕಿವಿಗೆ ಬಿದ್ದಿದೆ. ಈಗ ಫುಟ್‌ಬಾಲ್ ಕೂಡ ನೋಡೋಣ ಅನ್ನಿಸಿದೆ. ಎಲ್ಲಿಂದ ಶುರು ಮಾಡಲಿ? ತಂಡಗಳ ಹೆಸರೇ ನಾಲಿಗೆ ಮೇಲೆ ನಿಲ್ಲುತ್ತಿಲ್ಲ. (ಬಸವೇಶ್ವರನಗರದ ಓದುಗರು)

ಮೊದಲಿಗೆ ಮೂರು ಹೆಸರು ಸಾಕು. ಜೊನ್‌ಬುಕ್, ಉಲ್ಸಾನ್, ಪೊಹಾಂಗ್.

ಜೊನ್‌ಬುಕ್ ತಂಡದ ಊರು ಜೊಂಜು. ಬಿಬಿಂಬಾಪ್ ಅಂತ ತರಕಾರಿ, ಮೊಟ್ಟೆ ಎಲ್ಲ ಹಾಕಿ ಕಲಸಿ ತಿನ್ನುವ ಅನ್ನ ಇದೆಯಲ್ಲ, ಅದಕ್ಕೆ ಹೆಸರಾದ ಊರು, ನಿಮ್ಮ ಧಾರಾವಾಹಿಗಳಲ್ಲಿ ನೋಡೇ ಇರುತ್ತೀರಿ. ಉಲ್ಸಾನ್ ಪೂರ್ವ ಕರಾವಳಿಯಲ್ಲಿದೆ. ಹಡಗು ಕಟ್ಟುವ ಊರು. ಈ ಎರಡೂ ತಂಡಗಳ ಹಿಂದೆ ಇರುವುದು ಹುಂಡೈ ಹೆಸರೇ. ಒಂದರ ಹಿಂದೆ ಕಾರು ಮಾಡುವ ಹುಂಡೈ, ಇನ್ನೊಂದರ ಹಿಂದೆ ಹಡಗು ಕಟ್ಟುವ ಹುಂಡೈ. ಒಂದೇ ಮನೆಯಿಂದ ಬೇರೆಯಾದ ಅಣ್ಣ ತಮ್ಮ ಅನ್ನಿ. ಉಲ್ಸಾನಿನಿಂದ ಅದೇ ಕರಾವಳಿಯಲ್ಲಿ ಸ್ವಲ್ಪ ಉತ್ತರಕ್ಕೆ ಹೋದರೆ ಪೊಹಾಂಗ್, ಉಕ್ಕಿನ ಊರು. ಉಲ್ಸಾನ್ ಪೊಹಾಂಗ್ ಪಂದ್ಯ ಅಂದರೆ ಅಲ್ಲಿ ಅಕ್ಕಪಕ್ಕದ ಊರಿನ ಜಿದ್ದು.

2019ರ ಸೀಸನ್ನಿಂದಲೇ ಶುರು ಮಾಡಿ. ಜೊನ್‌ಬುಕ್ ಹಿಂದಿನ ಎರಡು ವರ್ಷವೂ ಗೆದ್ದಿತ್ತು. ಉಲ್ಸಾನ್ ಕೊನೇ ಸಲ ಲೀಗ್ ಗೆದ್ದಿದ್ದು 2005ರಲ್ಲಿ. ಹದಿನಾಲ್ಕು ವರ್ಷ ಕಾದ ಊರು ಅದು.

ಇನ್ನೊಂದು ಅನುಕೂಲ ಇದೆ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಯುರೋಪಿನ ಪಂದ್ಯಕ್ಕೆ ಮಧ್ಯರಾತ್ರಿ ತನಕ ಕಣ್ಣು ಉರಿಸಿಕೊಂಡು ಕೂರಬೇಕು. ಇಲ್ಲಿ ಹಾಗಲ್ಲ, ಅಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾದರೆ ನಮಗೆ ಬೆಳಗ್ಗೆ ಹನ್ನೊಂದೂವರೆ. ಭಾನುವಾರ ದೋಸೆ ತಿಂದು ಆರಾಮಾಗಿ ಕೂತು ನೋಡಬಹುದು.

ಪ್ರಶ್ನೆ: 38 ಪಂದ್ಯದ ಲೆಕ್ಕ ನನಗೆ ಕೂಡುತ್ತಿಲ್ಲ. 12 ತಂಡ ಅಂದರೆ 22 ಆಗಬೇಕು, ಇಲ್ಲ 33 ಆಗಬೇಕು. (ರಾಜಾಜಿನಗರದ ನಿವೃತ್ತ ಗಣಿತ ಶಿಕ್ಷಕರು)

ನಿಮ್ಮ 33 ಸರಿಯಾಗೇ ಇದೆ ಸಾರ್. ಪ್ರತಿ ತಂಡವೂ ಉಳಿದ 11 ತಂಡಗಳ ಜೊತೆ ಮೂರು ಮೂರು ಸಲ ಆಡುತ್ತದೆ. ಆಮೇಲೆ ಪಟ್ಟಿಯನ್ನು ಅಡ್ಡಕ್ಕೆ ಕತ್ತರಿಸುತ್ತಾರೆ. ಮೇಲಿನ ಆರು ತಂಡ ತಮ್ಮೊಳಗೆ ಐದು ಪಂದ್ಯ, ಕೆಳಗಿನ ಆರು ತಂಡ ತಮ್ಮೊಳಗೆ ಐದು ಪಂದ್ಯ. ಅಲ್ಲಿಗೆ 38. ಪಾಯಿಂಟ್ ಹಾಗೇ ಉಳಿಯುತ್ತವೆ, ಸೊನ್ನೆಯಿಂದ ಶುರು ಮಾಡಲ್ಲ. ಮೇಲಿನವರಿಗೆ ಕಪ್ಪಿನ ಚಿಂತೆ, ಕೆಳಗಿನವರಿಗೆ ಉಳಿದುಕೊಳ್ಳುವ ಚಿಂತೆ. 2019ರಲ್ಲಿ ಕೊನೇ ಸ್ಥಾನದ ತಂಡ ನೇರವಾಗಿ ಎರಡನೇ ದರ್ಜೆಗೆ ಇಳಿಯುತ್ತಿತ್ತು, ಹನ್ನೊಂದನೆಯದು ಕೆಳಗಿನ ದರ್ಜೆಯ ತಂಡದ ಜೊತೆ ಎರಡು ಪಂದ್ಯ ಆಡಿ ತನ್ನ ಜಾಗ ಉಳಿಸಿಕೊಳ್ಳಬೇಕಿತ್ತು. 2022ರಲ್ಲಿ ಹತ್ತನೇ ಸ್ಥಾನದ ತಂಡಕ್ಕೂ ಈ ಪರೀಕ್ಷೆ ಬಂತು.

ಇನ್ನೊಂದು ನಿಯಮ ಹೇಳಿಬಿಡುತ್ತೇನೆ, ಮುಂದಿನ ಉತ್ತರಕ್ಕೆ ಬೇಕು. ಪಾಯಿಂಟ್ ಸಮ ಆದರೆ ಬಹಳ ಕಡೆ ಗೋಲು ವ್ಯತ್ಯಾಸ ನೋಡುತ್ತಾರೆ, ಹೊಡೆದದ್ದರಿಂದ ಬಿಟ್ಟುಕೊಟ್ಟದ್ದನ್ನು ಕಳೆದು. ಕೊರಿಯಾದಲ್ಲಿ ಮೊದಲು ನೋಡುವುದು ಹೊಡೆದ ಗೋಲು ಎಷ್ಟು ಅಂತ ಮಾತ್ರ. ಅದೂ ಸಮ ಆದರೆ ಆಗ ವ್ಯತ್ಯಾಸ. ತಂಡಗಳು ಸುಮ್ನೆ ಹಿಂದೆ ನಿಂತು ತಡೆಯೋ ಆಟ ಆಡದೆ ಮುಂದೆ ನುಗ್ಗಲಿ ಅಂತ ಮಾಡಿದ ನಿಯಮ ಇದು. ನನಗಂತೂ ಇಷ್ಟ.

ಪ್ರಶ್ನೆ: 2019ರಲ್ಲಿ ಉಲ್ಸಾನ್ ಒಂದೇ ಒಂದು ಗೋಲಿನಿಂದ ಕಪ್ ಕಳೆದುಕೊಂಡಿತು ಅಂತಾರೆ. ಗೋಲ್‌ಕೀಪರ್ ತಪ್ಪಿನಿಂದ ಅಂತಾನೂ ಅಂತಾರೆ. ನಾನು ಆ ತುಣುಕು ಮಾತ್ರ ನೋಡಿದ್ದೇನೆ, ಆ ಮನುಷ್ಯನ ಮೇಲೆ ಸಿಟ್ಟೇ ಬಂತು. ಪೂರ್ತಿ ಕಥೆ ಹೇಳ್ತೀರಾ? (ವಿಜಯನಗರದ ಓದುಗರು, ಇದೇ ಪ್ರಶ್ನೆ ಇನ್ನೂ ಏಳು ಜನರಿಂದ)

ಹೇಳುತ್ತೇನೆ. ಸಿಟ್ಟನ್ನು ಸ್ವಲ್ಪ ಪಕ್ಕಕ್ಕಿಟ್ಟು ಓದಿ.

2019ರ ಡಿಸೆಂಬರ್ 1, ಭಾನುವಾರ. ಕೊನೇ ದಿನ. ಉಲ್ಸಾನ್ ಹತ್ತಿರ 79 ಪಾಯಿಂಟ್, ಜೊನ್‌ಬುಕ್ ಹತ್ತಿರ 76. ಹೊಡೆದ ಗೋಲು ಉಲ್ಸಾನ್ 70, ಜೊನ್‌ಬುಕ್ 71. ಉಲ್ಸಾನ್ ತನ್ನ ಊರಲ್ಲೇ ಆಡುತ್ತಿತ್ತು, ಡ್ರಾ ಮಾಡಿಕೊಂಡರೆ ಸಾಕು. ಎದುರಿಗೆ ಪೊಹಾಂಗ್. ಅದೇ ಹೊತ್ತಿಗೆ ಜೊಂಜುವಿನಲ್ಲಿ ಜೊನ್‌ಬುಕ್ ಮತ್ತು ಗಾಂಗ್‌ವೊನ್ ಪಂದ್ಯ. ಉಲ್ಸಾನಿನಲ್ಲಿ ಮಳೆ. ಜನ ರೇನ್‌ಕೋಟ್ ಹಾಕಿಕೊಂಡು ಕೂತಿದ್ದರು. ನಾನು ಇಲ್ಲಿ ಮನೆಯ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಎರಡೂ ಪಂದ್ಯದ ಸ್ಕೋರು ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಒಳಗಿನಿಂದ ಊಟಕ್ಕೆ ಕರೆದದ್ದೂ ಕೇಳಿಸಿರಲಿಲ್ಲ.

26ನೇ ನಿಮಿಷಕ್ಕೆ ಪೊಹಾಂಗಿನ ವಾಂಡರ್ಸನ್ ಗೋಲು ಹೊಡೆದ. ಹತ್ತು ನಿಮಿಷದಲ್ಲಿ ಉಲ್ಸಾನಿನ ಜೂನಿಯರ್ ಅನ್ನೋ ಹೆಸರಿನ ಆಟಗಾರ ಸಮ ಮಾಡಿದ. ಅದಾಗಿ ಮೂರು ನಿಮಿಷಕ್ಕೆ ಜೊಂಜುವಿನಲ್ಲಿ ಸೊನ್ ಜುನ್-ಹೊ ತಲೆಯಿಂದ ಗೋಲು ಹಾಕಿದ, ಜೊನ್‌ಬುಕ್ 1-0. ವಿರಾಮದ ಹೊತ್ತಿಗೆ ಡ್ರಾಗೆ ಒಂದು, ಗೆಲುವಿಗೆ ಮೂರು ಪಾಯಿಂಟ್ ಸೇರಿಸಿ ಲೆಕ್ಕ ಹಾಕಿದರೆ ಉಲ್ಸಾನ್ 80, ಜೊನ್‌ಬುಕ್ 79. ಕಪ್ ಇನ್ನೂ ಉಲ್ಸಾನಿನದೇ.

55ನೇ ನಿಮಿಷ. ಪೊಹಾಂಗಿನ ಇಲ್ಯೂಚೆಂಕೊ ಹೊಡೆದ. 2-1. ನನ್ನ ಪ್ರಕಾರ ಕಪ್ ಕೈ ತಪ್ಪಿದ ಕ್ಷಣ ಇದು. ಈಗ ಎರಡೂ ತಂಡ 79. ಹೊಡೆದ ಗೋಲು ಜೊನ್‌ಬುಕ್ 72, ಉಲ್ಸಾನ್ 71. ಉಲ್ಸಾನಿಗೆ ಒಂದು ಗೋಲು ಬೇಕು, ಒಂದು ಬಂದರೆ ಡ್ರಾ, ಡ್ರಾ ಆದರೆ ಕಪ್. ಎರಡನೇ ಅರ್ಧದ ಮುಕ್ಕಾಲು ಗಂಟೆಯಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಬಾಕಿ ಇತ್ತು. ನುಗ್ಗಿದರು, ನುಗ್ಗಿದರು, ಬರಲಿಲ್ಲ.

87ನೇ ನಿಮಿಷಕ್ಕೆ ಉಲ್ಸಾನಿಗೆ ತನ್ನ ಅರ್ಧದಲ್ಲೇ ಒಂದು ಥ್ರೋ-ಇನ್ ಸಿಕ್ಕಿತು, ಹೊರಗೆ ಹೋದ ಚೆಂಡನ್ನು ಗೆರೆಯಿಂದ ಕೈಯಲ್ಲಿ ಒಳಗೆ ಎಸೆಯುವುದು. ಸಮಯ ಓಡುತ್ತಿದೆ. ಗೋಲ್‌ಕೀಪರ್ ಕಿಮ್ ಸುಂಗ್-ಗ್ಯು ಕಾಯಲಿಲ್ಲ, ಗೋಲಿನ ಮುಂದಿನ ತನ್ನ ಜಾಗ ಬಿಟ್ಟು ಗೆರೆಯ ಹತ್ತಿರ ಓಡಿ ಬಂದು ತಾನೇ ಥ್ರೋ ಹಾಕಿದ. ಚೆಂಡು ಹೋಗಿದ್ದು ಪೊಹಾಂಗಿನ ಹೊ ಯೊಂಗ್-ಜೂನ್ ಕಾಲಿಗೆ. ಗೋಲಿನಲ್ಲಿ ಯಾರೂ ಇಲ್ಲ. ಅವನು ಒದ್ದ, ಒದ್ದೆ ಹುಲ್ಲಿನ ಮೇಲೆ ಚೆಂಡು ಉರುಳಿ ಒಳಗೆ ಹೋಯಿತು. 3-1. ಹೆಚ್ಚುವರಿ ಸಮಯದಲ್ಲಿ ಪೆನಾಲ್ಟಿ ಬೇರೆ, 4-1. ಜೊನ್‌ಬುಕ್ ತನ್ನ 1-0 ಉಳಿಸಿಕೊಂಡು ಚಾಂಪಿಯನ್ ಆಯಿತು.

ನೀವು ನೋಡಿದ ತುಣುಕು ಆ ಥ್ರೋ ಮಾತ್ರ. ಆದರೆ ಆ ಥ್ರೋ ಹಾಕುವಾಗಲೇ ಉಲ್ಸಾನ್ ಸೋಲುತ್ತಿತ್ತು ಅಲ್ವಾ? ಅವನು ಓಡಿ ಬಂದದ್ದು ಸೋಲು ತಪ್ಪಿಸೋಕೆ. ತಪ್ಪಾಯಿತು, ದೊಡ್ಡ ತಪ್ಪೇ. ಆದರೆ ಕಪ್ ಹೋಗಿದ್ದು ಅದೊಂದರಿಂದ ಅಲ್ಲ.

ಒಂದು ಗೋಲಿನಿಂದ ಸೋತರು ಅನ್ನೋದೂ ಪೂರ್ತಿ ಸರಿ ಅಲ್ಲ. ಆ ವರ್ಷ ಎಲ್ಲೋ ಉಲ್ಸಾನ್ ಇನ್ನೊಂದು ಗೋಲು ಹೊಡೆದು 72 ಮಾಡಿಕೊಂಡಿತ್ತು ಅಂದುಕೊಳ್ಳಿ. ಆಗ ಗೋಲು ವ್ಯತ್ಯಾಸ ನೋಡಬೇಕು. ಜೊನ್‌ಬುಕ್ ಬಿಟ್ಟುಕೊಟ್ಟದ್ದು 32, ಉಲ್ಸಾನ್ 39. ಆಗಲೂ ಜೊನ್‌ಬುಕ್ಕೇ ಮೇಲೆ. ಹಾಗಾಗಿ ಉಲ್ಸಾನಿಗೆ ಬೇಕಿದ್ದದ್ದು ಎರಡು ಗೋಲು, ಇಲ್ಲವೇ ಒಂದೇ ಒಂದು ಪಾಯಿಂಟ್. ಆ ಒಂದು ಪಾಯಿಂಟ್ 38 ಪಂದ್ಯಗಳಲ್ಲಿ ಯಾವುದರಲ್ಲಾದರೂ ಸಿಗಬಹುದಿತ್ತು. ಒಂದು ವಾರ ಮುಂಚೆ, ನವೆಂಬರ್ 23ಕ್ಕೆ, ಉಲ್ಸಾನಿನಲ್ಲೇ ಎರಡೂ ತಂಡ ಎದುರಾಗಿದ್ದವು. 1-1. ಅವತ್ತು ಉಲ್ಸಾನ್ ಗೆದ್ದಿದ್ದರೆ ಕೊನೇ ದಿನ ಯಾರೂ ಲೆಕ್ಕ ಹಾಕಬೇಕಾಗೇ ಇರಲಿಲ್ಲ.

ಜೊನ್‌ಬುಕ್‌ನ 72ರಲ್ಲಿ ಒಂಬತ್ತು ಗೋಲು ಹೊಡೆದವನು ಡಿಸೆಂಬರಿನಲ್ಲಿ ತಂಡದಲ್ಲೇ ಇರಲಿಲ್ಲ. ಕಿಮ್ ಶಿನ್-ವುಕ್, ಎತ್ತರದ ಸ್ಟ್ರೈಕರ್. ಜುಲೈನಲ್ಲೇ ಶಾಂಘೈಗೆ ಹೋಗಿಬಿಟ್ಟಿದ್ದ. ಅವನು ಮೊದಲು ಆಡಿ ಬೆಳೆದದ್ದು ಉಲ್ಸಾನಿನಲ್ಲೇ. ಅವನು ಬೇಸಿಗೆಯಲ್ಲಿ ಹೊಡೆದು ಬಿಟ್ಟುಹೋದ ಗೋಲುಗಳು ಚಳಿಗಾಲದಲ್ಲಿ ಅವನ ಹಳೇ ಊರಿನ ಕಪ್ ಕಸಿದವು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಉಲ್ಸಾನಿನ ಜನಕ್ಕೆ ಇದು ಎರಡನೇ ಸಲ ಬೇರೆ. 2013ರ ಡಿಸೆಂಬರ್ 1, ಅದೇ ತಾರೀಕು, ಅದೂ ಭಾನುವಾರ. ಎದುರಾಳಿ ಅದೇ ಪೊಹಾಂಗ್. ಅವತ್ತೂ ಉಲ್ಸಾನಿಗೆ ಡ್ರಾ ಸಾಕಿತ್ತು. 90 ನಿಮಿಷ ಮುಗಿದು ಹೆಚ್ಚುವರಿ ಸಮಯದ ಐದನೇ ನಿಮಿಷದಲ್ಲಿ ಪೊಹಾಂಗಿನ ಡಿಫೆಂಡರ್ ಕಿಮ್ ವೊನ್-ಇಲ್, ಗೋಲಿನ ಮುಂದಿನ ಗುಂಪಿನಲ್ಲಿ ಸಿಕ್ಕ ಚೆಂಡನ್ನು ಒಳಗೆ ತಳ್ಳಿದ. 1-0. ಕಪ್ ಪೊಹಾಂಗಿಗೆ. ಆ ವರ್ಷ ಪೊಹಾಂಗ್ ಒಬ್ಬನೇ ಒಬ್ಬ ವಿದೇಶಿ ಆಟಗಾರನಿಲ್ಲದೆ ಆಡಿದ ತಂಡ. ಉಲ್ಸಾನಿನ ಗೋಲಿನಲ್ಲಿ ಅವತ್ತೂ ನಿಂತಿದ್ದವನು ಇದೇ ಕಿಮ್ ಸುಂಗ್-ಗ್ಯು.

ನಿಮಗೆ ಸಿಟ್ಟು ಬಂದದ್ದು ನನಗೆ ಅರ್ಥವಾಗುತ್ತದೆ, ಯಾಕಂದರೆ ನಾನೂ ಒಂದು ಸಲ ಹಾಗೆ ಸಿಟ್ಟು ಮಾಡಿಕೊಂಡವನು. 2015ರ ಮೇ 31, ನಮ್ಮ ಕಂಠೀರವ. ಆಗಿನ ನಮ್ಮ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್‌ನ ಕೊನೇ ಪಂದ್ಯ, ಬೆಂಗಳೂರು ಎಫ್‌ಸಿ ಮತ್ತು ಮೋಹನ್ ಬಗಾನ್. ನಾವು ಗೆಲ್ಲಲೇಬೇಕು, ಅವರಿಗೆ ಡ್ರಾ ಸಾಕು. ಮಳೆ ಹೊಯ್ಯುತ್ತಿತ್ತು. ಚಪ್ಪಲಿ ಜಾರುತ್ತೆ ಅಂತ ಕೈಯಲ್ಲಿ ಹಿಡಿದು ನಿಂತಿದ್ದೆ. ಮೊದಲ ಅರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದಾಗ ಪಕ್ಕದಲ್ಲಿದ್ದ ಗುರುತಿಲ್ಲದ ಮನುಷ್ಯ ನನ್ನನ್ನು ಎತ್ತಿಕೊಂಡೇಬಿಟ್ಟ. ಆಮೇಲೆ 87ನೇ ನಿಮಿಷ. ಹೌದು, 87. ಕಾರ್ನರ್ ಬಂತು, ಬೆಲ್ಲೊ ರಜಾಕ್ ತಲೆ ಕೊಟ್ಟ, 1-1. ದೂರದ ಮೂಲೆಯಲ್ಲಿದ್ದ ಬಗಾನ್ ಅಭಿಮಾನಿಗಳ ಸದ್ದು ಬಿಟ್ಟರೆ ಇಡೀ ಸ್ಟೇಡಿಯಂನಲ್ಲಿ ಮಳೆ ಸದ್ದೊಂದೇ. ಕಸ್ತೂರಬಾ ರಸ್ತೆ ತನಕ ಒದ್ದೆಯಾಗಿ ನಡೆದುಹೋಗುವಾಗ ನಾನೂ ಸ್ನೇಹಿತರೂ ಆ ಕಾರ್ನರ್‌ನಲ್ಲಿ ಯಾರು ಯಾರನ್ನು ಹಿಡಿಯಬೇಕಿತ್ತು ಅಂತ ಒಬ್ಬ ಹುಡುಗನ ಹೆಸರು ಹಿಡಿದು ಬೈದೆವು. ಈಗ ನೆನೆದರೆ ತಪ್ಪು ಅನ್ನಿಸುತ್ತದೆ. ಆ ಸೀಸನ್ನಿನಲ್ಲಿ ನಾವು ಅದಕ್ಕೂ ಮುಂಚೆ ಎಷ್ಟೋ ಕಡೆ ಪಾಯಿಂಟ್ ಬಿಟ್ಟು ಬಂದಿದ್ದೆವು. ಅವನ್ನು ಯಾರೂ ನೆನೆಸಿಕೊಳ್ಳಲಿಲ್ಲ, ಯಾಕಂದರೆ ಅವತ್ತು ಮಳೆಯೂ ಇರಲಿಲ್ಲ, ಅಷ್ಟು ಜನವೂ ಇರಲಿಲ್ಲ.

ಪ್ರಶ್ನೆ: 0-4 ಹಿಂದಿದ್ದ ತಂಡ ಗೆದ್ದಿದ್ದು ನಿಜವಾ? (ಮಲ್ಲೇಶ್ವರದ ಓದುಗರು)

ನಿಜ. 2019ರ ಜೂನ್ 23, ಚುನ್‌ಚಾನ್ ಊರು. ಗಾಂಗ್‌ವೊನ್ ಮತ್ತು ಪೊಹಾಂಗ್. ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಪೊಹಾಂಗ್ 4-0 ಮುಂದಿತ್ತು. 70 ನಿಮಿಷ ಆದರೂ ಹಾಗೇ. ಆಮೇಲೆ ಗಾಂಗ್‌ವೊನ್ ಎರಡು ವಾಪಸ್ ಕೊಟ್ಟಿತು. 90 ನಿಮಿಷ ಮುಗಿದಾಗ 4-2. ಹೆಚ್ಚುವರಿ ಸಮಯದಲ್ಲಿ ಮೂರು ಗೋಲು! ಚೊ ಜೇ-ವಾನ್ ಹ್ಯಾಟ್ರಿಕ್ ಪೂರೈಸಿ 4-4 ಮಾಡಿದ. ಕೊನೆಗೆ ಜಂಗ್ ಜೊ-ಗುಕ್ ಹೊಡೆದು 5-4. ನಾಲ್ಕು ಗೋಲು ಹಿಂದಿದ್ದು ಗೆದ್ದದ್ದು ಆ ಲೀಗಿನಲ್ಲಿ ಅದೇ ಮೊದಲು. ಅವತ್ತು ಅಷ್ಟು ನಾಚಿಕೆಯಿಂದ ಮೈದಾನ ಬಿಟ್ಟ ಪೊಹಾಂಗ್ ಹುಡುಗರೇ ಡಿಸೆಂಬರಿನಲ್ಲಿ ಉಲ್ಸಾನಿಗೆ ನಾಲ್ಕು ಹಾಕಿದ್ದು. ಕೋಚ್ ಕೂಡ ಅದೇ ಕಿಮ್ ಗಿ-ದೊಂಗ್.

ಪ್ರಶ್ನೆ: ಸೈನಿಕರ ತಂಡವೂ ಆ ಲೀಗಿನಲ್ಲಿ ಆಡುತ್ತಂತೆ. ಅದು ಹೇಗೆ? (ಹಲಸೂರಿನ ಓದುಗರು)

ಹಲಸೂರಿನಿಂದ ಈ ಪ್ರಶ್ನೆ ಬಂದದ್ದು ಸಹಜವೇ. ನಿಮ್ಮ ಪಕ್ಕದಲ್ಲೇ ಸೈನ್ಯದ ಎಂಜಿನಿಯರ್‌ಗಳ ಕೇಂದ್ರ ಎಂಇಜಿ ಇದೆ. ಎಂಇಜಿ, ಎಎಸ್‌ಸಿಯಂಥ ಸೈನ್ಯದ ತಂಡಗಳು ನಮ್ಮ ಬೆಂಗಳೂರು ಲೀಗಿನಲ್ಲಿ ಆಡಿದ್ದನ್ನು ನೋಡಿ ಬೆಳೆದವರು ನಾವು. ಆದರೆ ಅಲ್ಲಿ ವಿಷಯ ಸ್ವಲ್ಪ ಬೇರೆ.

ಕೊರಿಯಾದಲ್ಲಿ ಗಂಡಸರು ಕಡ್ಡಾಯವಾಗಿ ಸೈನ್ಯದಲ್ಲಿ ಸೇವೆ ಮಾಡಬೇಕು, ಈಗ ಸುಮಾರು ಒಂದೂವರೆ ವರ್ಷ. ಫುಟ್‌ಬಾಲ್ ಆಟಗಾರನಿಗೆ ಅಷ್ಟು ದಿನ ಆಟ ಬಿಟ್ಟರೆ ಕಾಲೇ ಮರೆತುಹೋಗುತ್ತದೆ. ಅದಕ್ಕೆ ಸಾಂಗ್ಮು ಅಂತ ಸೈನ್ಯದ ತಂಡ. ಒಳ್ಳೇ ಆಟಗಾರರು ಆಯ್ಕೆಯಾಗಿ ಅಲ್ಲಿ ಹೋಗಿ ಆಡುತ್ತಾರೆ, ಅವಧಿ ಮುಗಿದ ತಕ್ಷಣ ತಮ್ಮ ಕ್ಲಬ್ಬಿಗೆ ವಾಪಸ್. ಇದು ಸೀಸನ್ ಮಧ್ಯದಲ್ಲೇ ಆಗುತ್ತದೆ. ನಿನ್ನೆ ತನಕ ಕಟ್ಟಿದ ತಂಡದಿಂದ ಇವತ್ತು ಅರ್ಧ ಜನ ಬಿಡುಗಡೆಯಾಗಿ ಹೋಗಿಬಿಡುತ್ತಾರೆ, ಕೋಚ್ ಮತ್ತೆ ಮೊದಲಿನಿಂದ ಕಟ್ಟಬೇಕು. ಗೋಲು ಹೊಡೆದರೆ ಕುಣಿತ ಇಲ್ಲ, ಸೆಲ್ಯೂಟ್. 2019ರಲ್ಲಿ ತಂಡ ಸಾಂಗ್ಜು ಊರಿನಲ್ಲಿತ್ತು, ಏಳನೇ ಸ್ಥಾನ ಪಡೆಯಿತು. 2021ರಿಂದ ಗಿಮ್‌ಚಾನ್ ಊರಿಗೆ ಬಂತು. 2024ರಲ್ಲಿ ಮೂರನೇ ಸ್ಥಾನಕ್ಕೇ ಬಂದುಬಿಟ್ಟರು.

ಕಂಪನಿ ತಂಡಗಳ ವಿಷಯವೂ ನಮಗೆ ಹೊಸದಲ್ಲ. 1983ರಲ್ಲಿ ಐದು ತಂಡಗಳಿಂದ ಅವರ ಲೀಗ್ ಶುರುವಾಯಿತು, ಅದರಲ್ಲಿ ಒಂದು ಬ್ಯಾಂಕಿನ ತಂಡ, ಒಂದು ಉಕ್ಕಿನ ಕಾರ್ಖಾನೆಯ ತಂಡ. ನಮ್ಮಲ್ಲಿ ಎಚ್‌ಎಎಲ್, ಐಟಿಐ, ಬಿಇಎಂಎಲ್ ತಂಡಗಳು ಇರಲಿಲ್ವಾ? ನನ್ನ ಸೋದರಮಾವ ಐಟಿಐ ಕಾಲೊನಿಯಲ್ಲಿ ಬೆಳೆದವರು. ಸಂಜೆ ಶಿಫ್ಟ್ ಮುಗಿಸಿ ಟಿಫಿನ್ ಡಬ್ಬಿ ಗೋಲಿನ ಪಕ್ಕ ಇಟ್ಟು ಆಡುತ್ತಿದ್ದವರನ್ನು ನೋಡಿದ್ದಾರೆ. ಅಲ್ಲಿ ಕಾರ್ಖಾನೆ ತಂಡ ಬೆಳೆದು ಊರಿನ ತಂಡ ಆಯಿತು, ಊರಿನ ಹೆಸರು ಹೊತ್ತುಕೊಂಡಿತು. ನಮ್ಮಲ್ಲಿ ಹಾಗೆ ಆಗಲಿಲ್ಲ. ನನಗೆ ಇದರ ಬೇಜಾರು ಇದೆ.

ಪ್ರಶ್ನೆ: ಕಂಠೀರವದಲ್ಲಿ ಕೂತರೆ ಓಟದ ಟ್ರ್ಯಾಕ್ ಅಡ್ಡ ಬಂದು ಆಟಗಾರರ ಮುಖ ಕಾಣಲ್ಲ. ಕೊರಿಯಾದಲ್ಲೂ ಹೀಗೇನಾ? (ವಿಲ್ಸನ್ ಗಾರ್ಡನ್‌ನ ಓದುಗರು)

ಕೆಲವು ಕಡೆ ಹೀಗೇ. ಆದರೆ ಡೇಗು ಊರಿನವರು ಏನು ಮಾಡಿದರು ಗೊತ್ತಾ? ಅವರ ತಂಡ ಆಡುತ್ತಿದ್ದದ್ದು 2002ರ ವಿಶ್ವಕಪ್ಪಿಗೆ ಕಟ್ಟಿದ ದೊಡ್ಡ ಸ್ಟೇಡಿಯಂನಲ್ಲಿ. ಸುಮಾರು 65,000 ಜನ ಕೂರುವಂಥದ್ದು, ಟ್ರ್ಯಾಕ್ ಸಮೇತ. 2011ರಲ್ಲಿ ಉಸೇನ್ ಬೋಲ್ಟ್ 100 ಮೀಟರ್ ಫೈನಲ್‌ನಲ್ಲಿ ಮುಂಚೆಯೇ ಓಡಿ ಹೊರಗೆ ಹೋದ ಜಾಗ ಅದೇ. ಅಲ್ಲಿ ಕೆಲವು ಸಾವಿರ ಜನ ಬಂದರೆ ಖಾಲಿ ಖಾಲಿ ಕಾಣುತ್ತಿತ್ತು. 2019ರಲ್ಲಿ ಅದನ್ನು ಬಿಟ್ಟು ಊರ ಮಧ್ಯೆ ಸುಮಾರು 12,000 ಜನ ಕೂರುವ ಪುಟ್ಟ ಸ್ಟೇಡಿಯಂಗೆ ಬಂದರು. ಟ್ರ್ಯಾಕ್ ಇಲ್ಲ. ಕೂರುವ ಜಾಗದ ನೆಲ ಅಲ್ಯೂಮಿನಿಯಂ. ಎಲ್ಲರೂ ಒಟ್ಟಿಗೆ ಎರಡು ಸಲ ಕಾಲು ಅಪ್ಪಳಿಸಿದರೆ ನಮ್ಮ ತಮಟೆ ಬಡಿದ ಹಾಗೆ ಇಡೀ ಸ್ಟೇಡಿಯಂ ನಡುಗುತ್ತದೆ. ಆ ಸೀಸನ್ನಿನಲ್ಲಿ ಮತ್ತೆ ಮತ್ತೆ ಟಿಕೆಟ್ ಖಾಲಿ. ತಂಡವೂ ಐದನೇ ಸ್ಥಾನಕ್ಕೆ ಬಂತು. ಇಡೀ ಲೀಗಿನಲ್ಲೇ ಆ ವರ್ಷ ಪಂದ್ಯಕ್ಕೆ ಸರಾಸರಿ 8,000ಕ್ಕೂ ಹೆಚ್ಚು ಜನ ಬಂದರು.

ಬೆಂಗಳೂರು ಎಫ್‌ಸಿ 2013-14ರಲ್ಲಿ ಮೊದಲ ಸಲ ಐ-ಲೀಗ್ ಗೆದ್ದಿದ್ದು ಅಶೋಕನಗರದ ಹಳೇ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿ. ಅಲ್ಲಿ ಟ್ರ್ಯಾಕ್ ಇರಲಿಲ್ಲ. ಆಟಗಾರರು ಒಬ್ಬರನ್ನೊಬ್ಬರು ಕೂಗಿ ಕರೆಯುವುದು ಕೇಳಿಸುತ್ತಿತ್ತು. ನಾನಂತೂ ಚಿಕ್ಕ ಸ್ಟೇಡಿಯಂ ಪಕ್ಷ.

ಪ್ರಶ್ನೆ: ರೊನಾಲ್ಡೊ ಕೊರಿಯಾಗೆ ಹೋಗಿ ಆಡದೇ ಬಂದ ಅಂತ ಕೇಳಿದ್ದೆ. (ಕೆಂಗೇರಿಯ ಓದುಗರು)

ಹೌದು, ಅದೇ ವರ್ಷ ಜುಲೈ 26, ಸೋಲ್ ನಗರದಲ್ಲಿ. ರೊನಾಲ್ಡೊ ಆಗ ಆಡುತ್ತಿದ್ದ ಇಟಲಿಯ ಯುವೆಂಟಸ್ ಮತ್ತು ಕೆ ಲೀಗ್ ಆಯ್ದ ಆಟಗಾರರ ತಂಡ. ಯುವೆಂಟಸ್ ತಡವಾಗಿ ಬಂದು ಪಂದ್ಯ ಸುಮಾರು ಒಂದು ಗಂಟೆ ತಡವಾಯಿತು, 3-3 ಆಯಿತು, ರೊನಾಲ್ಡೊ ಬೆಂಚಿನಿಂದ ಏಳಲೇ ಇಲ್ಲ. ಜನ ಕೋರ್ಟಿಗೆ ಹೋದರು, ಆಯೋಜಕರು ದುಡ್ಡು ಕೊಡಬೇಕು ಅಂತ ತೀರ್ಪೂ ಬಂತು. ಆ ವರ್ಷದ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಇದೊಂದೇ. ಗೊತ್ತಿರಬೇಕಾದ್ದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಕೆಳಗಿನ ಆರು ತಂಡಗಳ ಪಂದ್ಯ ಯಾರಾದರೂ ಯಾಕೆ ನೋಡಬೇಕು? ಕಪ್ಪೇ ಇಲ್ಲವಲ್ಲ. (ಯಲಹಂಕದ ಓದುಗರು)

ಯೂ ಸಾಂಗ್-ಚುಲ್ ಗೋಸ್ಕರ ನೋಡಬೇಕಿತ್ತು.

2002ರ ವಿಶ್ವಕಪ್ ನೋಡಿದವರಿಗೆ ನೆನಪಿರಬಹುದು. ಕೊರಿಯಾದ ಮೊದಲ ಪಂದ್ಯ ಪೋಲೆಂಡ್ ಮೇಲೆ. ವಿಶ್ವಕಪ್‌ನಲ್ಲಿ ಅವರ ಮೊಟ್ಟಮೊದಲ ಗೆಲುವು ಅದು. ಎರಡನೇ ಗೋಲು ಹೊಡೆದವನು ಯೂ. ಆ ವರ್ಷ ಕೊರಿಯಾ ಸೆಮಿಫೈನಲ್ ತನಕ ಹೋಯಿತು.

2019ರ ಮೇ ತಿಂಗಳಲ್ಲಿ ಅವರು ಇಂಚಾನ್ ತಂಡದ ಕೋಚ್ ಆದರು. ತಂಡ ಪಟ್ಟಿಯ ತಳದಲ್ಲಿ ಒದ್ದಾಡುತ್ತಿತ್ತು. ಅಕ್ಟೋಬರಿನಲ್ಲಿ ಸೊಂಗ್ನಮ್ ಮೇಲೆ 1-0 ಗೆದ್ದ ದಿನ ಆಟಗಾರರು ಗೆದ್ದೂ ಅತ್ತರು. ನೋಡಿದವರಿಗೆ ಏನೂ ಅರ್ಥವಾಗಲಿಲ್ಲ. ನವೆಂಬರಿನಲ್ಲಿ ಯೂ ಅವರೇ ತಿಳಿಸಿದರು, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್, ನಾಲ್ಕನೇ ಹಂತ. ಚಿಕಿತ್ಸೆ ತೆಗೆದುಕೊಳ್ಳುತ್ತಲೇ ಮೈದಾನದ ಪಕ್ಕ ನಿಂತರು. ತಂಡವನ್ನು ಮೊದಲ ದರ್ಜೆಯಲ್ಲಿ ಉಳಿಸುತ್ತೇನೆ ಅಂತ ಮಾತು ಕೊಟ್ಟಿದ್ದರು.

ನವೆಂಬರ್ 24ಕ್ಕೆ ತಮ್ಮ ಊರಿನಲ್ಲಿ ಸಾಂಗ್ಜು ಮೇಲೆ 2-0 ಗೆದ್ದರು. 30ಕ್ಕೆ ಕೊನೇ ಪಂದ್ಯ, ಗ್ಯೊಂಗ್‌ನಮ್ ತಂಡದ ಊರಿನಲ್ಲಿ. ಇಂಚಾನ್‌ಗೆ ಸೋಲದಿದ್ದರೆ ಸಾಕು. 0-0. ಹತ್ತನೇ ಸ್ಥಾನ, ಉಳಿದರು. ಒಂದು ಮಾತು ಉಳಿಸಿಕೊಂಡಿರಿ, ಇನ್ನೊಂದನ್ನೂ ಉಳಿಸಿಕೊಳ್ಳಿ ಅನ್ನೋ ಅರ್ಥದ ಬ್ಯಾನರ್ ಹಿಡಿದು ಅಭಿಮಾನಿಗಳು ನಿಂತಿದ್ದರು. ಇನ್ನೊಂದು ಮಾತು ಅಂದರೆ ಗುಣವಾಗಿ ವಾಪಸ್ ಬರುವುದು. ಅದು ಆಗಲಿಲ್ಲ. 2021ರ ಜೂನ್‌ನಲ್ಲಿ ತೀರಿಕೊಂಡರು, 49 ವರ್ಷಕ್ಕೆ.

ಅವತ್ತು ಎದುರಿಗಿದ್ದ ಗ್ಯೊಂಗ್‌ನಮ್ ಕಥೆಯೂ ಕಷ್ಟದ್ದೇ. 2017ರಲ್ಲಿ ಎರಡನೇ ದರ್ಜೆ ಗೆದ್ದು ಮೇಲೆ ಬಂದವರು, 2018ರಲ್ಲಿ ಮೊದಲ ದರ್ಜೆಯಲ್ಲೇ ಎರಡನೇ ಸ್ಥಾನ. 26 ಗೋಲು ಹೊಡೆದ ಬ್ರೆಜಿಲ್‌ನ ಸ್ಟ್ರೈಕರ್‌ನನ್ನು ಚೀನಾದವರು ಕರೆದುಕೊಂಡು ಹೋದರು. 2019ಕ್ಕೆ ಹನ್ನೊಂದನೇ ಸ್ಥಾನ. ಬೂಸಾನ್ ಜೊತೆ ಎರಡು ಪಂದ್ಯ ಆಡಿ ಸೋತು ಕೆಳಗೆ ಇಳಿದರು. ಒಂದೇ ವರ್ಷದಲ್ಲಿ ಎರಡರಿಂದ ಹನ್ನೊಂದು.

ಪ್ರಶ್ನೆ: ಉಲ್ಸಾನ್ ಆಮೇಲೆ ಗೆದ್ದಿತಾ ಇಲ್ವಾ? ಅಷ್ಟು ಹೇಳಿ ಸಾಕು. (ಜೆ.ಪಿ. ನಗರದ ಓದುಗರು)

ಗೆದ್ದಿತು. 2020, 2021 ಎರಡೂ ಸಲ ಮತ್ತೆ ಜೊನ್‌ಬುಕ್ ಹಿಂದೆ ಎರಡನೇ ಸ್ಥಾನ. 2022ರ ಅಕ್ಟೋಬರ್ 16ಕ್ಕೆ ಗಾಂಗ್‌ವೊನ್ ಮೇಲೆ 2-1 ಗೆದ್ದು, 17 ವರ್ಷ ಆದಮೇಲೆ ಕಪ್ ಎತ್ತಿದರು. ಆಮೇಲೆ 2023, 2024 ಕೂಡ ಅವರದ್ದೇ. 2024ರಲ್ಲಿ ಜೊನ್‌ಬುಕ್ ಹತ್ತನೇ ಸ್ಥಾನಕ್ಕೆ ಬಿದ್ದು, ಹೆಚ್ಚಿನ ಎರಡು ಪಂದ್ಯ ಆಡಿ ಹೇಗೋ ಉಳಿದುಕೊಂಡಿತ್ತು. ಮರುವರ್ಷವೇ, 2025ರಲ್ಲಿ, ಅದೇ ಜೊನ್‌ಬುಕ್ ಹತ್ತನೇ ಸಲ ಚಾಂಪಿಯನ್.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ಸ್ಕೂಲ್ ಟೀಮಿಗೆ ಗೋಲ್‌ಕೀಪರ್. ಹೋದ ತಿಂಗಳು ಮ್ಯಾಚಲ್ಲಿ ಬಾಲ್ ಹಿಡಿದು ಬೇಗ ಎಸೆಯೋಕೆ ಹೋಗಿ ಎದುರು ಟೀಮ್ ಹುಡುಗಿಗೇ ಕೊಟ್ಟುಬಿಟ್ಟೆ. ಸೋತೆವು. ಈಗ ಕ್ಲಾಸಲ್ಲಿ ಎಲ್ಲರೂ ನನಗೆ ಆ ಕೊರಿಯಾ ಕೀಪರ್ ವಿಡಿಯೊ ತೋರಿಸಿ ನಗುತ್ತಾರೆ. ಕೀಪಿಂಗ್ ಬಿಟ್ಟುಬಿಡಲಾ? (ಆಸ್ಟಿನ್ ಟೌನ್‌ನ ಓದುಗ ಹುಡುಗಿ)

ಬಿಡಬೇಡ ಪುಟ್ಟಿ. ನಿನ್ನ ಪತ್ರ ಎರಡು ಸಲ ಓದಿದೆ.

ಆ ವಿಡಿಯೊ ತೋರಿಸುವವರಿಗೆ ಅದರ ಮುಂದಿನ ಭಾಗ ಗೊತ್ತಿಲ್ಲ. ಕಿಮ್ ಸುಂಗ್-ಗ್ಯು ಆ ಡಿಸೆಂಬರ್ ಆದಮೇಲೆ ಜಪಾನಿಗೆ ಹೋಗಿ ಕಾಶಿವಾ ತಂಡಕ್ಕೆ ಆಡಿದ. ದೇಶದ ತಂಡದವರೂ ಅವನನ್ನು ಕೈ ಬಿಡಲಿಲ್ಲ. ಮೂರು ವರ್ಷ ಆದಮೇಲೆ, 2022ರ ಕತಾರ್ ವಿಶ್ವಕಪ್‌ನಲ್ಲಿ ಕೊರಿಯಾದ ಗೋಲಿನಲ್ಲಿ ನಿಂತವನು ಅವನೇ. ಉರುಗ್ವೆ ಒಂದು ಗೋಲೂ ಹೊಡೆಯೋಕೆ ಆಗಲಿಲ್ಲ. ಪೋರ್ಚುಗಲ್ ಮೇಲೆ 2-1 ಗೆದ್ದು ಮುಂದಿನ ಸುತ್ತಿಗೆ ಹೋದರು. ಎದುರಿಗೆ ರೊನಾಲ್ಡೊ ಇದ್ದ. ನಗುವವರಿಗೆ ಆ ಪಂದ್ಯವನ್ನೂ ತೋರಿಸು.

ಇನ್ನು ನಿನ್ನ ಎಸೆತದ ವಿಷಯ. ಚೆಂಡು ಹಿಡಿದ ಮೇಲೆ ಮೊದಲು ಕಣ್ಣು ದೂರಕ್ಕೆ ಹೋಗಲಿ, ಆಮೇಲೆ ಹತ್ತಿರಕ್ಕೆ. ಬಹಳ ಜನ ಹತ್ತಿರದವರನ್ನೇ ಮೊದಲು ನೋಡಿ ಎಸೆದುಬಿಡುತ್ತಾರೆ, ಅವರ ಹಿಂದೆ ಯಾರು ಓಡಿ ಬರುತ್ತಿದ್ದಾರೆ ಅಂತ ಕಾಣೋದೇ ಇಲ್ಲ. ಮಧ್ಯಕ್ಕೆ ಎಸೆಯಬೇಡ, ಗೆರೆಯ ಕಡೆ ಎಸೆ. ತಪ್ಪಿದರೂ ಚೆಂಡು ಹೊರಗೆ ಹೋಗುತ್ತದೆ, ಗೋಲಿಗೆ ಬರಲ್ಲ. ಮಳೆಯಾಗಿದ್ದರೆ ನೆಲಕ್ಕೆ ಉರುಳಿಸಬೇಡ, ಒದ್ದೆ ಹುಲ್ಲಿನಲ್ಲಿ ಚೆಂಡು ಅಂದುಕೊಂಡದ್ದಕ್ಕಿಂತ ಜೋರಾಗಿ ಜಾರುತ್ತದೆ. ಮನೆ ಹತ್ತಿರ ಗೋಡೆ ಇದ್ದರೆ ಸೀಮೆಸುಣ್ಣದಲ್ಲಿ ಎದೆ ಎತ್ತರಕ್ಕೆ ಒಂದು ಚೌಕ ಬರೆದು ದಿನಾ ಇಪ್ಪತ್ತು ಸಲ ಎಸೆ. ಬಲಗೈ ಹತ್ತು, ಎಡಗೈ ಹತ್ತು. ಮತ್ತೆ ನಿನ್ನ ಡಿಫೆಂಡರ್ ಹುಡುಗಿಯರಿಗೆ ಹೇಳು, ನೀನು ಚೆಂಡು ಹಿಡಿದ ಕೂಡಲೇ ಇಬ್ಬರು ಎರಡು ಬದಿಗೆ ಅಗಲವಾಗಿ ಓಡಲಿ ಅಂತ. ಎಸೆಯೋಕೆ ಜಾಗವೇ ಇಲ್ಲದಿದ್ದರೆ ಅದು ಕೀಪರ್ ಒಬ್ಬಳ ತಪ್ಪಲ್ಲ.

ನಿಮ್ಮ ಮುಂದಿನ ಮ್ಯಾಚ್ ಯಾವತ್ತು, ಯಾವ ಗ್ರೌಂಡಿನಲ್ಲಿ ಅಂತ ಬರೆದು ತಿಳಿಸು. ಭಾನುವಾರ ಆದರೆ ನಾನೂ ಬರುತ್ತೇನೆ.